ಪಫ್ ಎಳೆದರೂ ದಮ್ಮು ಇಳಿಯಲಿಲ್ಲ, ಯಾಕೆ?

ಹೋದ ಸಂಕ್ರಾಂತಿಗೆ ಎರಡು ದಿನ ಮೊದಲು, ಆಸ್ತಮಾ ಇರುವ ನಮ್ಮ ದೊಡ್ಡಮ್ಮ ಅಟ್ಟ ಗುಡಿಸಿದರು. ಹಳೇ ಹಾಸಿಗೆ, ಗೋಣಿಚೀಲ, ವರ್ಷಗಟ್ಟಲೆ ಯಾರೂ ಮುಟ್ಟದ ಪಾತ್ರೆಗಳು. ಸಂಜೆ ನಾಲ್ಕಕ್ಕೆ ಏಣಿ ಇಳಿಯುವಷ್ಟರಲ್ಲೇ ಎದೆ ಕುಂಯ್‌ಗುಡಲು ಶುರುವಾಗಿತ್ತು. ನೀಲಿ ಇನ್‌ಹೇಲರ್ ತಗೊಂಡು ಎರಡು ಪಫ್ ಎಳೆದರು. ಹದಿನೈದು ನಿಮಿಷಕ್ಕೆ ಸರಿಹೋಯಿತು. "ಧೂಳು ಕಣೋ, ಇನ್ನೇನಿಲ್ಲ" ಅಂದವರೇ ಎಳ್ಳುಬೆಲ್ಲಕ್ಕೆ ಕೊಬ್ಬರಿ ಹೆಚ್ಚಲು ಕೂತರು.

ರಾತ್ರಿ ಹನ್ನೊಂದಕ್ಕೆ ಮತ್ತೆ ಎದ್ದು ಕೂತರು. ಈ ಸಲದ್ದು ಬೇರೆಯೇ ಥರ. ಎರಡೂ ಕೈ ಮಂಚದ ಅಂಚಿಗೆ ಊರಿ, ಹೆಗಲು ಮೇಲಕ್ಕೆತ್ತಿ ಉಸಿರೆಳೆಯುತ್ತಿದ್ದರು. ಪಫ್ ಎಳೆದರು, ಮತ್ತೆ ಎಳೆದರು, ಹತ್ತು ಸಲ ಆಗಿರಬಹುದು. "ನೀರು ಕೊಡು" ಅನ್ನುವ ಎರಡು ಪದಗಳ ಮಧ್ಯೆ ಅವರಿಗೆ ಒಂದು ಉಸಿರು ಬೇಕಾಗಿತ್ತು. ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟರು, ನೆಬ್ಯುಲೈಸರ್ ಹಾಕಿದರು, ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ಬೆಳಗಿನ ಜಾವ ದಮ್ಮು ಇಳಿಯಿತು. ಆಮೇಲೆ ಬಲವಾಗಿ ಕೆಮ್ಮಿ ಸ್ಟೀಲ್ ಬಟ್ಟಲಿಗೆ ಉಗುಳಿದರು. ನಾನು ಬಗ್ಗಿ ನೋಡಿದೆ. ಮಾಮೂಲಿ ಕಫ ಅಲ್ಲ. ಬೆಂದ ಶಾವಿಗೆಯ ತುಂಡುಗಳ ಹಾಗೆ ಬೆಳ್ಳಗಿತ್ತು, ಒಂದೆರಡು ಎಳೆ ತುದಿಯಲ್ಲಿ ಕವಲೊಡೆದಿತ್ತು. ಬಟ್ಟಲು ವಾಲಿಸಿದರೂ ಹರಿಯಲಿಲ್ಲ, ಅಂಟಿಕೊಂಡೇ ಇತ್ತು.

ಸಂಜೆ ಕೆಲಸ ಮಾಡಿದ ಅದೇ ಔಷಧ ರಾತ್ರಿ ಯಾಕೆ ಸೋತಿತು? ಈ ಪ್ರಶ್ನೆ ಹಿಡಿದುಕೊಂಡು ಓದುತ್ತಾ ಹೋದೆ. ಉತ್ತರ ಇರುವುದು ಧೂಳಿಗಿಂತ ಜಾಸ್ತಿ ನಮ್ಮ ಮೈಯಲ್ಲೇ. ನಮ್ಮನ್ನು ಕಾಯಬೇಕಾದ ರೋಗನಿರೋಧಕ ಕೋಶಗಳಲ್ಲಿ, ಅವು ಹೊತ್ತು ತಿರುಗುವ ಕಿಣ್ವಗಳಲ್ಲಿ.

ಅನ್ನವನ್ನು ಸ್ವಲ್ಪ ಹೊತ್ತು ಬಾಯಲ್ಲೇ ಅಗಿದರೆ ಸಿಹಿಯಾಗುತ್ತದೆ, ಅಲ್ವಾ? ಅದು ಜೊಲ್ಲಿನಲ್ಲಿರುವ ಕಿಣ್ವದ ಕೆಲಸ. ಕಿಣ್ವ ಅಂದರೆ ಒಂದು ವಸ್ತುವನ್ನು ಕತ್ತರಿಸುವ, ಜೋಡಿಸುವ, ಬದಲಾಯಿಸುವ ಪ್ರೋಟೀನು. ಒಂದು ಕೆಲಸ ಮುಗಿದರೂ ಅದು ಸವೆಯುವುದಿಲ್ಲ, ಮುಂದಿನದಕ್ಕೆ ಕೈ ಹಾಕುತ್ತದೆ. ಹಾಗಾಗಿ ಚೂರೇ ಚೂರು ಇದ್ದರೂ ಸಾಕು. ಹೊಟ್ಟೆಯಲ್ಲಿ ಇದು ವರ. ಶ್ವಾಸನಾಳದಲ್ಲಿ ತಪ್ಪು ಹೊತ್ತಿಗೆ ಬಿಡುಗಡೆಯಾದರೆ ಇದೇ ಕಂಟಕ.

ಮೊದಲು ಅಟ್ಟದ ಧೂಳಿಗೇ ಬರೋಣ. ಹಳೇ ಹಾಸಿಗೆಯಲ್ಲಿ ಧೂಳಿನ ನುಸಿಗಳಿರುತ್ತವೆ. ಡಾಕ್ಟರು ಡಸ್ಟ್ ಮೈಟ್ ಅನ್ನುವುದು ಇವಕ್ಕೇ. ಕಣ್ಣಿಗೆ ಕಾಣದಷ್ಟು ಚಿಕ್ಕವು. ಅವುಗಳ ಹಿಕ್ಕೆಯಲ್ಲಿ ಪ್ರೋಟೀನ್ ಕತ್ತರಿಸುವ ಒಂದು ಜೀರ್ಣಕಿಣ್ವ ಉಳಿದಿರುತ್ತದೆ. ಅದು ಉಸಿರಿನ ಜೊತೆ ಒಳಗೆ ಹೋದರೆ ಶ್ವಾಸನಾಳದ ಒಳಪದರದ ಕೋಶಗಳನ್ನು ಒಂದಕ್ಕೊಂದು ಬಿಗಿದಿರುವ ಕೊಂಡಿಗಳನ್ನು ಕತ್ತರಿಸುತ್ತದೆ. ಗೋಡೆಯ ಇಟ್ಟಿಗೆಗಳ ನಡುವಿನ ಗಾರೆ ಉದುರಿದ ಹಾಗೆ. ಕಿಣ್ವವೇ ಆಸ್ತಮಾ ತರಬಲ್ಲದು ಅನ್ನುವುದು ಜಗತ್ತಿಗೆ ಗೊತ್ತಾಗಿದ್ದು ಬಟ್ಟೆ ತೊಳೆಯುವ ಪುಡಿಯಿಂದ. ಕಲೆ ತೆಗೆಯಲಿ ಅಂತ ಪುಡಿಗೆ ಬ್ಯಾಕ್ಟೀರಿಯಾದ ಕಿಣ್ವ ಬೆರೆಸಲು ಶುರು ಮಾಡಿದಾಗ ಬ್ರಿಟನ್ನಿನ ಕಾರ್ಖಾನೆಯ ಕೆಲಸಗಾರರಿಗೆ ಉಬ್ಬಸ ಬಂತು. 1969ರಲ್ಲಿ ಅದು ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು. ಆಮೇಲೆ ಕಿಣ್ವಕ್ಕೆ ಹೊದಿಕೆ ಕೊಟ್ಟು ಹರಳು ಮಾಡಿ, ಗಾಳಿಗೆ ಏಳದ ಹಾಗೆ ಮಾಡಿದರು.

ಗೋಡೆ ದಾಟಿದ ಧೂಳಿಗೆ ಎದುರಾಗುವುದು ಮಾಸ್ಟ್ ಕೋಶ ಅನ್ನುವ ರೋಗನಿರೋಧಕ ಕೋಶ. 1878ರಲ್ಲಿ ಜರ್ಮನಿಯ ವಿಜ್ಞಾನಿ ಪಾಲ್ ಎರ್ಲಿಕ್ ಇದನ್ನು ಗುರುತಿಸಿದಾಗ ಇನ್ನೂ ವಿದ್ಯಾರ್ಥಿ. ಕೋಶದ ತುಂಬ ಕಾಳುಕಾಳಾಗಿ ಏನೋ ತುಂಬಿತ್ತು. ಚೆನ್ನಾಗಿ ಉಂಡ ಕೋಶ ಅನ್ನಿಸಿ, ಜರ್ಮನ್ ಭಾಷೆಯಲ್ಲಿ ಮೇಯಿಸಿ ಕೊಬ್ಬಿಸುವುದಕ್ಕೆ ಇರುವ ಪದವನ್ನೇ ಹೆಸರಿಟ್ಟರು. ಆ ಕಾಳುಗಳಲ್ಲಿ ಇರುವುದು ಹಿಸ್ಟಮಿನ್ ಅನ್ನುವ ರಾಸಾಯನಿಕ, ಜೊತೆಗೆ ಟ್ರಿಪ್ಟೇಸ್ ಅನ್ನುವ ಕಿಣ್ವ. ಅಲರ್ಜಿ ಇರುವವರಲ್ಲಿ ಈ ಕೋಶದ ಮೈಮೇಲೆ ಐಜಿಇ ಅನ್ನುವ ಪ್ರತಿಕಾಯಗಳು, ಅಂದರೆ ಒಂದು ವಸ್ತುವನ್ನೇ ಗುರುತು ಹಿಡಿದು ಅಂಟಿಕೊಳ್ಳುವ ಪ್ರೋಟೀನುಗಳು, ಕೂತಿರುತ್ತವೆ. ನುಸಿಯ ಚೂರು ತಾಗಿದ ಕೆಲವೇ ನಿಮಿಷಗಳಲ್ಲಿ ಕೋಶ ತನ್ನ ಕಾಳುಗಳನ್ನೆಲ್ಲ ಹೊರಗೆ ಚೆಲ್ಲುತ್ತದೆ. ಟ್ರಿಪ್ಟೇಸ್ ಒಂದು ವಿಚಿತ್ರ ಕೆಲಸ ಮಾಡುತ್ತದೆ. ಶ್ವಾಸನಾಳವನ್ನು ಸಡಿಲವಾಗಿ ಇಡಲು ನಮ್ಮ ನರಗಳು ಬಿಡುಗಡೆ ಮಾಡುವ ಒಂದು ವಸ್ತುವಿದೆ. ಟ್ರಿಪ್ಟೇಸ್ ಅದನ್ನೇ ತುಂಡರಿಸಿ ಹಾಕುತ್ತದೆ.

ಇಲ್ಲಿ 2002ರ ಒಂದು ಅಧ್ಯಯನ ಹೇಳಲೇಬೇಕು. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಎರಡು ಥರದ ರೋಗಿಗಳ ಶ್ವಾಸನಾಳದ ಚೂರನ್ನು ತೆಗೆದು ಹೋಲಿಸಿದರು. ಒಬ್ಬರಿಗೆ ಆಸ್ತಮಾ. ಇನ್ನೊಬ್ಬರಿಗೆ ಅದೇ ರೀತಿ ಉರಿಯೂತ ಇದೆ, ಕೆಮ್ಮಿದೆ, ಆದರೆ ನಾಳ ಬಿಗಿಯುವುದಿಲ್ಲ. ವ್ಯತ್ಯಾಸ ಎಲ್ಲಿತ್ತು ಗೊತ್ತಾ? ಆಸ್ತಮಾದವರಲ್ಲಿ ಮಾಸ್ಟ್ ಕೋಶಗಳು ಸ್ನಾಯುವಿನ ಒಳಗೇ ಮನೆ ಮಾಡಿಕೊಂಡಿದ್ದವು. ಪಟಾಕಿ ಬೀದಿಯಲ್ಲಿ ಸಿಡಿಯುವುದಕ್ಕೂ ಅಡುಗೆಮನೆಯಲ್ಲಿ ಸಿಡಿಯುವುದಕ್ಕೂ ಇರುವ ವ್ಯತ್ಯಾಸ ಇದು.

ಹಾಗಾದರೆ ಉಬ್ಬಸಕ್ಕೆ ಹಿಸ್ಟಮಿನ್ ಕಾರಣ ಅನ್ನೋಣವೇ? ನೆಗಡಿಗೆ ನುಂಗುವ ಸೆಟ್ರಿಜಿನ್ ಹಿಸ್ಟಮಿನ್ನನ್ನು ತಡೆಯುತ್ತದೆ, ಸೀನು ನಿಲ್ಲುತ್ತದೆ. ಆದರೆ ದಮ್ಮು ಅದರಿಂದ ನಿಲ್ಲುವುದಿಲ್ಲ. ಇದರ ಹಿಂದೆ ಒಂದು ಹಾವಿನ ಕತೆ ಇದೆ.

1938ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಫೆಲ್ಡ್‌ಬರ್ಗ್ ಮತ್ತು ಚಾರ್ಲ್ಸ್ ಕೆಲ್ಲವೇ ಅನ್ನುವ ಇಬ್ಬರು ವಿಜ್ಞಾನಿಗಳು ಗಿನಿಪಿಗ್‌ನ ಶ್ವಾಸಕೋಶದೊಳಗೆ ನಾಗರಹಾವಿನ ವಿಷ ಹಾಯಿಸಿದರು. ಫೆಲ್ಡ್‌ಬರ್ಗ್ ಯಹೂದಿ, ಹಿಟ್ಲರನ ಜರ್ಮನಿಯಿಂದ ಹೊರಹಾಕಿಸಿಕೊಂಡು ಬಂದವರು. ಶ್ವಾಸಕೋಶದಿಂದ ಇಳಿದ ದ್ರವದಲ್ಲಿ ಹಿಸ್ಟಮಿನ್ ಇತ್ತು. ಅದರ ಜೊತೆ ಇನ್ನೂ ಏನೋ ಇತ್ತು. ಹಿಸ್ಟಮಿನ್ ತಟ್ಟನೆ ಸ್ನಾಯು ಬಿಗಿದು ಬೇಗ ಬಿಡುತ್ತದೆ. ಇದು ನಿಧಾನವಾಗಿ ಬಿಗಿದು, ಹಿಡಿದೇ ಇರುತ್ತಿತ್ತು. ಏನು ಅಂತ ಗೊತ್ತಾಗದೆ 'ನಿಧಾನದ ವಸ್ತು' ಅನ್ನುವ ಅರ್ಥದ ಹೆಸರೇ ಅದಕ್ಕೆ ಉಳಿಯಿತು. ಅದರ ರಚನೆ ತಿಳಿಯಲು ನಲವತ್ತು ವರ್ಷ ಬೇಕಾಯಿತು. 1979ರಲ್ಲಿ ಸ್ಟಾಕ್‌ಹೋಮಿನಲ್ಲಿ ಬೆಂಗ್ಟ್ ಸ್ಯಾಮ್ಯುಯೆಲ್ಸನ್ ಮತ್ತು ಜೊತೆಗಾರರು ಅದನ್ನು ಬಿಡಿಸಿದರು. ಬಿಳಿ ರಕ್ತಕಣ ಮಾಡುವ ವಸ್ತುವಾದ್ದರಿಂದ ಲ್ಯೂಕೋಟ್ರೈನ್ ಅಂತ ಹೆಸರಾಯಿತು. ಶ್ವಾಸನಾಳ ಬಿಗಿಯುವುದರಲ್ಲಿ ಇದು ಹಿಸ್ಟಮಿನ್ನಿಗಿಂತ ಸುಮಾರು ಸಾವಿರ ಪಟ್ಟು ಬಲಶಾಲಿ.

ಲ್ಯೂಕೋಟ್ರೈನನ್ನು ಮಾಸ್ಟ್ ಕೋಶ ಮೊದಲೇ ಮಾಡಿ ಇಟ್ಟುಕೊಂಡಿರುವುದಿಲ್ಲ. ಬೇಕಾದಾಗ ಆಗಲೇ ತಯಾರಿಸುತ್ತದೆ, ಅದೂ ತನ್ನದೇ ಚರ್ಮದಿಂದ. ಕೋಶದ ಹೊರಪೊರೆ ಕೊಬ್ಬಿನದು. ಫಾಸ್ಫೋಲೈಪೇಸ್ ಅನ್ನುವ ಕಿಣ್ವ ಆ ಪೊರೆಯಿಂದ ಒಂದು ಕೊಬ್ಬಿನಾಮ್ಲವನ್ನು ಕತ್ತರಿಸಿ ತೆಗೆಯುತ್ತದೆ. 5-ಲಿಪಾಕ್ಸಿಜಿನೇಸ್ ಅನ್ನುವ ಇನ್ನೊಂದು ಕಿಣ್ವ ಅದಕ್ಕೆ ಆಮ್ಲಜನಕ ಸೇರಿಸಿ ಲ್ಯೂಕೋಟ್ರೈನ್ ದಾರಿಗೆ ಹಚ್ಚುತ್ತದೆ. ನಾಗರಹಾವಿನ ವಿಷದಲ್ಲಿ ಇರುವುದೂ ಮೊದಲನೆಯ ಕಿಣ್ವದ ಬಳಗದ್ದೇ. ಮೆಲ್ಬರ್ನ್‌ನಲ್ಲಿ ಆ ದಿನ ಹಾವಿನ ವಿಷ ಮಾಡಿದ ಕೆಲಸವನ್ನು ದೊಡ್ಡಮ್ಮನ ಎದೆಯಲ್ಲಿ ಅವರದೇ ಕೋಶಗಳು ಮಾಡುತ್ತಿದ್ದವು. ಇದನ್ನು ಓದಿದ ದಿನ ನನಗೆ ಮೈ ಜುಂ ಅಂದಿತ್ತು.

ಈ ಕಿಣ್ವಗಳು ಎಷ್ಟು ಬೇಗ ಕೆಲಸ ಮಾಡುತ್ತವೆ ಅನ್ನುವುದನ್ನು ಅದೇ ಮೆಲ್ಬರ್ನ್ 2016ರ ನವೆಂಬರ್ 21ರ ಸಂಜೆ ನೋಡಿತು. ಗುಡುಗು ಮಳೆ ಬಂತು. ಹುಲ್ಲಿನ ಪರಾಗ ಒಡೆದು ಶ್ವಾಸಕೋಶದ ಆಳಕ್ಕೆ ಇಳಿಯುವಷ್ಟು ಸಣ್ಣ ಚೂರಾಯಿತು. ಸಾವಿರಾರು ಜನ ಏದುಸಿರು ಬಿಡುತ್ತಾ ಆಸ್ಪತ್ರೆಗೆ ಓಡಿದರು, 10 ಜನ ತೀರಿಕೊಂಡರು. ಎಷ್ಟೋ ಜನಕ್ಕೆ ಅದಕ್ಕೂ ಮೊದಲು ಆಸ್ತಮಾ ಇದೆ ಅಂತಲೇ ಗೊತ್ತಿರಲಿಲ್ಲ, ಬರೀ ಸೀನು, ಮೂಗು ಸೋರುವುದು ಇತ್ತು. ತೊಂದರೆಗೆ ಸಿಕ್ಕಿದವರಲ್ಲಿ ಭಾರತ ಮತ್ತು ಏಷ್ಯಾದ ಬೇರೆ ದೇಶಗಳ ಮೂಲದವರು ಬಹಳ ಇದ್ದರು. ಅಲ್ಲಿ ನೆಲೆಸಿರುವ ನಮ್ಮವರು ಪರಾಗದ ಕಾಲದಲ್ಲಿ ಹವಾಮಾನದ ಎಚ್ಚರಿಕೆಯನ್ನು ಸುಮ್ನೆ ಬಿಡಬಾರದು.

ಲ್ಯೂಕೋಟ್ರೈನಿಗೆ ಔಷಧ ನಮ್ಮೆಲ್ಲರ ಮನೆಯಲ್ಲಿದೆ. ಕೆಮ್ಮು, ನೆಗಡಿ ಅಂತ ಹೋದರೆ ಬರೆದುಕೊಡುವ ಮಾಂಟೆಲುಕಾಸ್ಟ್ ಇದೇ. ಇದು ಕಿಣ್ವವನ್ನು ಮುಟ್ಟುವುದಿಲ್ಲ. ಲ್ಯೂಕೋಟ್ರೈನ್ ಹೋಗಿ ಕೂರುವ ಜಾಗದಲ್ಲಿ ತಾನು ಮೊದಲೇ ಕೂತುಬಿಡುತ್ತದೆ. ನೇರವಾಗಿ 5-ಲಿಪಾಕ್ಸಿಜಿನೇಸನ್ನು ತಡೆಯುವ ಜಿಲ್ಯೂಟಾನ್ 1996ರಲ್ಲೇ ಅಮೆರಿಕದಲ್ಲಿ ಬಂತು. ಆದರೆ ಮೊದಮೊದಲು ದಿನಕ್ಕೆ ನಾಲ್ಕು ಸಲ ನುಂಗಬೇಕಿತ್ತು, ಲಿವರ್ ಪರೀಕ್ಷೆ ಬೇರೆ ಮಾಡಿಸುತ್ತಿರಬೇಕಿತ್ತು. ಅದು ಜನಕ್ಕೆ ಒಗ್ಗಲಿಲ್ಲ. ಮಾಂಟೆಲುಕಾಸ್ಟ್ ಬಗ್ಗೆ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಕೆಟ್ಟ ಕನಸು, ಸಿಡುಕು, ಮಂಕು, ಸಾಯುವ ಯೋಚನೆ ಇಂಥ ತೊಂದರೆ ಕೆಲವರಲ್ಲಿ ಬರಬಹುದು ಅಂತ ಅಮೆರಿಕದ ಔಷಧ ನಿಯಂತ್ರಕರು 2020ರ ಮಾರ್ಚ್‌ನಲ್ಲಿ ಅತಿ ಗಟ್ಟಿ ಎಚ್ಚರಿಕೆಯನ್ನೇ ಹಾಕಿಸಿದರು. ಮಾತ್ರೆ ಶುರು ಮಾಡಿದ ಮೇಲೆ ಮಗು ಬೇರೆ ಥರ ಆಡುತ್ತಿದ್ದರೆ ಡಾಕ್ಟರಿಗೆ ಹೇಳಿ. ಮೂಗು ಸೋರಿತು ಅಂತ ಹಳೇ ಸ್ಟ್ರಿಪ್ ಹುಡುಕಿ ಕೊಡಬೇಡಿ.

ನೋವಿನ ಮಾತ್ರೆಯ ವಿಷಯವೂ ಇಲ್ಲೇ ಬರುತ್ತದೆ. ಪೊರೆಯಿಂದ ಕತ್ತರಿಸಿದ ಆ ಕೊಬ್ಬಿನಾಮ್ಲಕ್ಕೆ ಎರಡು ದಾರಿ. ಒಂದು ಲ್ಯೂಕೋಟ್ರೈನ್ ಕಡೆಗೆ. ಇನ್ನೊಂದು ಕಾಕ್ಸ್ ಅನ್ನುವ ಕಿಣ್ವದ ಮೂಲಕ ಬೇರೆ ವಸ್ತುಗಳ ಕಡೆಗೆ. ಆ ವಸ್ತುಗಳಲ್ಲಿ ಒಂದು, ಮಾಸ್ಟ್ ಕೋಶಗಳಿಗೆ ಕಡಿವಾಣ ಹಾಕಿ ಹಿಡಿದಿರುತ್ತದೆ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫಿನ್ಯಾಕ್ ಎಲ್ಲ ಕಾಕ್ಸ್ ಕಿಣ್ವವನ್ನು ತಡೆಯುವ ಔಷಧಗಳು. ಕಿಣ್ವ ನಿಂತರೆ ಕಡಿವಾಣ ಹೋಯಿತು, ಲ್ಯೂಕೋಟ್ರೈನ್ ಉಕ್ಕುತ್ತದೆ. ಆಸ್ತಮಾ ಇರುವ ದೊಡ್ಡವರಲ್ಲಿ ಸುಮಾರು ನೂರಕ್ಕೆ ಏಳು ಜನಕ್ಕೆ ಹೀಗಾಗುತ್ತದೆ. ಮೂಗಿನಲ್ಲಿ ದುರ್ಮಾಂಸ ಬೆಳೆದಿರುವವರು, ವಾಸನೆ ಗೊತ್ತಾಗದವರು ಜಾಸ್ತಿ ಹುಷಾರಾಗಿರಬೇಕು. ಮಾತ್ರೆ ನುಂಗಿ ಅರ್ಧ ಗಂಟೆಯಿಂದ ಎರಡು ಮೂರು ಗಂಟೆಯೊಳಗೆ ದಮ್ಮು ಏಳಬಹುದು. ಸೊಂಟನೋವು ಅಂತ ಮೆಡಿಕಲ್ ಶಾಪಿನಲ್ಲಿ ಮಾತ್ರೆ ಕೇಳುವಾಗ "ನನಗೆ ಆಸ್ತಮಾ ಇದೆ" ಅನ್ನುವ ಒಂದು ಮಾತು ಸೇರಿಸಿ. ದಯವಿಟ್ಟು.

ಈಗ ರಾತ್ರಿ ಹನ್ನೊಂದರ ವಿಷಯ. ಸಂಜೆ ಮಾಸ್ಟ್ ಕೋಶಗಳು ಚೆಲ್ಲಿದ್ದು ಸ್ನಾಯುವನ್ನು ಬಿಗಿದಿತ್ತು. ನೀಲಿ ಇನ್‌ಹೇಲರಿನ ಸಾಲ್ಬುಟಮಾಲ್ ಆ ಸ್ನಾಯುವನ್ನು ಸಡಿಲಿಸಿತು. ಅದರ ಕೆಲಸ ಅಷ್ಟೇ, ಅದನ್ನು ಅದು ಚೆನ್ನಾಗೇ ಮಾಡಿತು. ಆದರೆ ಆ ಹೊತ್ತಿಗಾಗಲೇ ರಕ್ತದಲ್ಲಿದ್ದ ಬೇರೆ ಕೋಶಗಳಿಗೆ ಕರೆ ಹೋಗಿತ್ತು. ನಾಲ್ಕರಿಂದ ಎಂಟು ಗಂಟೆ ಬಿಟ್ಟು ಈಸಿನೋಫಿಲ್ ಅನ್ನುವ ಬಿಳಿ ರಕ್ತಕಣಗಳು ಶ್ವಾಸನಾಳಕ್ಕೆ ಬಂದು ಸೇರುತ್ತವೆ. ಡಾಕ್ಟರು ಇದನ್ನು ತಡವಾದ ಹಂತ ಅನ್ನುತ್ತಾರೆ. ದೊಡ್ಡಮ್ಮನ ನಾಲ್ಕು ಗಂಟೆಗೂ ಹನ್ನೊಂದು ಗಂಟೆಗೂ ಲೆಕ್ಕ ಸರಿಹೊಂದುತ್ತದೆ.

ಈಸಿನೋಫಿಲ್ ಇರುವುದು ಹುಳುಗಳ ವಿರುದ್ಧ ಹೋರಾಡಲು. ಅದರ ಆಯುಧ ಪೆರಾಕ್ಸಿಡೇಸ್ ಅನ್ನುವ ಕಿಣ್ವ. ಇದು ಬ್ರೋಮೈಡ್ ಬಳಸಿಕೊಂಡು, ಬಟ್ಟೆಗೆ ಹಾಕುವ ಬ್ಲೀಚಿನಂಥ ಒಂದು ಆಮ್ಲವನ್ನು ತಯಾರಿಸುತ್ತದೆ. ಹುಳು ಇಲ್ಲದ ಕಡೆ ಆ ಬ್ಲೀಚು ನಮ್ಮದೇ ಒಳಪದರವನ್ನು ಸುಡುತ್ತದೆ. ಇನ್ನೊಂದು ಕೆಲಸವನ್ನೂ ಮಾಡುತ್ತದೆ, ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇದೇ. ಕಫ ಅಂದರೆ ಉದ್ದುದ್ದ ಎಳೆಗಳ ಲೋಳೆ. ಪೆರಾಕ್ಸಿಡೇಸ್ ಆ ಎಳೆಗಳ ನಡುವೆ ಗಂಟು ಹಾಕಿಸುತ್ತದೆ. ಹರಿಯುತ್ತಿದ್ದ ಲೋಳೆ, ತಣ್ಣಗಾದ ಗಂಜಿ ಪಾತ್ರೆಗೆ ಕಚ್ಚಿಕೊಂಡ ಹಾಗೆ, ನಾಳದೊಳಗೆ ಬಿರಡೆಯಾಗಿ ಕೂರುತ್ತದೆ. ಕವಲೊಡೆದ ನಾಳದಲ್ಲಿ ಕವಲೊಡೆದ ಬಿರಡೆ. ಬಟ್ಟಲಿನಲ್ಲಿ ನಾನು ನೋಡಿದ ಶಾವಿಗೆ ಅದೇ.

2018ರಲ್ಲಿ ಅಮೆರಿಕದ ಸಂಶೋಧಕರು ಆಸ್ತಮಾ ರೋಗಿಗಳ ಸಿಟಿ ಸ್ಕ್ಯಾನ್‌ಗಳಲ್ಲಿ ಈ ಬಿರಡೆಗಳನ್ನು ಎಣಿಸಿದರು. ಒಂದಾದರೂ ಬಿರಡೆ ಇದ್ದವರು ರೋಗಿಗಳಲ್ಲಿ ಶೇ. 58, ಆರೋಗ್ಯವಂತರಲ್ಲಿ ಶೇ. 4.5. ಬಿರಡೆ ಜಾಸ್ತಿ ಇದ್ದವರಲ್ಲಿ ಉಸಿರಾಟದ ಬಲ ಕಡಿಮೆ, ಈಸಿನೋಫಿಲ್ ಜಾಸ್ತಿ. ಬಿರಡೆ ಕೂತ ನಾಳದಲ್ಲಿ ಸ್ನಾಯುವನ್ನು ಎಷ್ಟು ಸಡಿಲಿಸಿದರೂ ಗಾಳಿ ಹೋಗುವುದಿಲ್ಲ. ಪಫ್‌ನ ಔಷಧವೂ ಗಾಳಿಯ ಜೊತೆಯೇ ಹೋಗಬೇಕಲ್ಲ, ಅದೂ ಹೋಗುವುದಿಲ್ಲ. ಹತ್ತು ಸಲ ಎಳೆದರೂ ದಮ್ಮು ಇಳಿಯದೇ ಇದ್ದದ್ದಕ್ಕೆ ನನಗೆ ಸಿಕ್ಕ ಉತ್ತರ ಇದು.

ಇಂಥ ಕಫದಲ್ಲಿ ಸೂಜಿಮೊನೆಯ ಹರಳುಗಳು ಇರುವುದನ್ನು 1853ರಷ್ಟು ಹಿಂದೆಯೇ ಶಾರ್ಕೋ ಅನ್ನುವ ಫ್ರೆಂಚ್ ವೈದ್ಯರು ಬರೆದಿದ್ದರು. ಈ ಹರಳೂ ಒಂದು ಕಿಣ್ವ ಅಂತಲೇ ಬಹಳ ವರ್ಷ ನಂಬಿದ್ದರು. ಅಲ್ಲ, ಗಲೆಕ್ಟಿನ್-10 ಅನ್ನುವ ಬೇರೆ ಪ್ರೋಟೀನು ಅಂತ ಆಮೇಲೆ ತಿಳಿಯಿತು. 2019ರಲ್ಲಿ ಬೆಲ್ಜಿಯಂನ ತಂಡ, ಹರಳು ಸುಮ್ಮನೆ ಬಿದ್ದಿರುವ ಕಸ ಅಲ್ಲ, ಅದೇ ಉರಿಯೂತ ಏರಿಸುತ್ತದೆ ಅಂತ ಇಲಿಗಳಲ್ಲಿ ತೋರಿಸಿತು. ಪ್ರತಿಕಾಯ ಹಾಕಿ ಹರಳನ್ನು ಕರಗಿಸಿಯೂ ತೋರಿಸಿತು.

ಒಂದು ಕಿಣ್ವವನ್ನು ಹಿಡಿದು ಕಟ್ಟಿಹಾಕಿದರೆ ಸಾಲದೇ ಅನ್ನಿಸಬಹುದು. ಪ್ರಯತ್ನ ಆಗಿದೆ. ನಾಲ್ಕು ತುಂಡು ಸೇರಿ ಉಂಗುರದ ಹಾಗಿರುವ ಟ್ರಿಪ್ಟೇಸನ್ನು ಬಿಡಿಬಿಡಿ ಮಾಡುವ ಪ್ರತಿಕಾಯವನ್ನು ವಿಜ್ಞಾನಿಗಳು ತಯಾರಿಸಿದರು, 2019ರಲ್ಲಿ ಪ್ರಕಟಿಸಿದರು. ಪ್ರಯೋಗಾಲಯದಲ್ಲಿ ಬಹಳ ಚೆನ್ನಾಗಿ ಕೆಲಸ ಮಾಡಿದ ಅದು ರೋಗಿಗಳಲ್ಲಿ ಆಸ್ತಮಾ ಅಟ್ಯಾಕ್ ತಡೆಯುವ ಪರೀಕ್ಷೆಯಲ್ಲಿ ಗೆಲ್ಲಲಿಲ್ಲ. ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆದಿರುತ್ತದೆ. ಹಾಗಾಗಿ ಈಗಿನ ಹೊಸ ಇಂಜೆಕ್ಷನ್‌ಗಳು ಕಿಣ್ವವನ್ನು ಬಿಟ್ಟು, ಕಿಣ್ವ ಹೊತ್ತ ಕೋಶಗಳನ್ನೇ ಗುರಿ ಮಾಡುತ್ತವೆ. ಬೆನ್ರಾಲಿಜುಮ್ಯಾಬ್ ಈಸಿನೋಫಿಲ್‌ಗಳನ್ನು ಅಳಿಸಿಹಾಕುತ್ತದೆ. 2024ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಪರೀಕ್ಷೆಯಲ್ಲಿ ಇದನ್ನು ಅಟ್ಯಾಕ್ ಆಗಿರುವಾಗಲೇ ಕೊಟ್ಟು ನೋಡಿದರು. ಆಸ್ತಮಾ ಅಥವಾ ಸಿಒಪಿಡಿ ಅನ್ನುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇದ್ದ 158 ರೋಗಿಗಳು. 90 ದಿನದೊಳಗೆ ಚಿಕಿತ್ಸೆ ವಿಫಲವಾಗಿದ್ದು ಸ್ಟೀರಾಯ್ಡ್ ಮಾತ್ರೆ ಮಾತ್ರ ಪಡೆದವರಲ್ಲಿ ಶೇ. 74, ಇಂಜೆಕ್ಷನ್ ಪಡೆದವರಲ್ಲಿ ಶೇ. 45. ಇದು ನಿಜಕ್ಕೂ ದೊಡ್ಡ ಸುದ್ದಿ. ಆದರೆ ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೆ ಈ ಬೆಲೆಯ ಔಷಧ ಸದ್ಯಕ್ಕೆ ಬರುವಂಥದ್ದಲ್ಲ.

ಬರಬಹುದಾದದ್ದು, ಬಹಳ ಹಿಂದೆಯೇ ಬಂದಿರಬೇಕಾದದ್ದು ಸ್ಟೀರಾಯ್ಡ್ ಇನ್‌ಹೇಲರ್. ಇದು ಈಸಿನೋಫಿಲ್‌ಗಳನ್ನು ಸಾಯಿಸುತ್ತದೆ, ಶ್ವಾಸನಾಳದ ಮಾಸ್ಟ್ ಕೋಶಗಳನ್ನು ಕಡಿಮೆ ಮಾಡುತ್ತದೆ. ಕಿಣ್ವ ತುಂಬಿಕೊಂಡು ಬರುವವರೇ ಕಡಿಮೆಯಾದರೆ ಬಿರಡೆ ಎಲ್ಲಿಂದ ಕಟ್ಟಬೇಕು? ಆದರೆ ಕೆಲಸ ಕಾಣಲು ಗಂಟೆಗಳು, ದಿನಗಳು ಬೇಕು. ಎಳೆದ ತಕ್ಷಣ ಹಾಯೆನಿಸುವುದಿಲ್ಲ. ಹಾಗಾಗಿ ಜನ ಇದನ್ನು ಬಿಟ್ಟು ನೀಲಿಯನ್ನೇ ನೆಚ್ಚಿಕೊಳ್ಳುತ್ತಾರೆ. ಸ್ಟೀರಾಯ್ಡ್ ಅನ್ನುವ ಪದಕ್ಕೇ ಹೆದರುವವರೂ ಇದ್ದಾರೆ. ದೊಡ್ಡಮ್ಮನೂ "ಅದು ಅಭ್ಯಾಸ ಆಗಿಬಿಡುತ್ತೆ ಕಣೋ" ಅಂತ ಎರಡು ವರ್ಷ ಮುಟ್ಟಿರಲಿಲ್ಲ. ಔಷಧಗಳು ಬೇರೆ ಬೇರೆ, ಆದರೂ ಅಂದಾಜಿಗೆ ಹೇಳುತ್ತೇನೆ. ಇನ್‌ಹೇಲರ್‌ನಲ್ಲಿ ದಿನಕ್ಕೆ ಹೋಗುವುದು ಎಷ್ಟೋ ಜನಕ್ಕೆ 400 ಮೈಕ್ರೋಗ್ರಾಂ. ಅಟ್ಯಾಕ್ ಆದಾಗ ನುಂಗಿಸುವ ಸ್ಟೀರಾಯ್ಡ್ ಮಾತ್ರೆ ದಿನಕ್ಕೆ 40 ಮಿಲಿಗ್ರಾಂ. ತೂಕದಲ್ಲಿ ನೂರು ಪಟ್ಟು. ಪಫ್ ಆದಮೇಲೆ ಬಾಯಿ ಮುಕ್ಕಳಿಸಿ ಉಗುಳಿದರೆ ಬಾಯಿಹುಣ್ಣಿನ ತೊಂದರೆಯೂ ಕಡಿಮೆ.

ಮೈಸೂರೂ ಸೇರಿದಂತೆ ದೇಶದ 9 ಊರುಗಳಲ್ಲಿ ಒಂದು ದೊಡ್ಡ ಸಮೀಕ್ಷೆ ನಡೆದಿತ್ತು, 2022ರಲ್ಲಿ ಪ್ರಕಟವಾಯಿತು. ಡಾಕ್ಟರೇ ಆಸ್ತಮಾ ಅಂತ ಹೇಳಿದವರಲ್ಲಿ ಕೂಡ ದಿನಾ ಸ್ಟೀರಾಯ್ಡ್ ಇನ್‌ಹೇಲರ್ ಬಳಸುವವರು ಶೇ. 10ಕ್ಕಿಂತ ಕಡಿಮೆ. ಎದೆ ಕುಂಯ್‌ಗುಡುವವರಲ್ಲಿ ಶೇ. 82 ಜನಕ್ಕೆ ಆಸ್ತಮಾ ಅಂತ ಯಾರೂ ಹೇಳಿಯೇ ಇರಲಿಲ್ಲ. ಪ್ರತಿ ವರ್ಷ ಮೃಗಶಿರಾ ಮಳೆ ಹುಟ್ಟುವ ದಿನ ಹೈದರಾಬಾದಿನಲ್ಲಿ ಮೀನಿನ ಔಷಧ ನುಂಗಲು ಸಾವಿರಾರು ಜನ ಸಾಲು ನಿಲ್ಲುತ್ತಾರೆ, ನಮ್ಮ ಕಡೆಯಿಂದಲೂ ಹೋಗುತ್ತಾರೆ. ಅವರನ್ನು ಬೈಯುವ ಮನಸ್ಸು ನನಗಿಲ್ಲ. ಉಸಿರು ಕಟ್ಟಿದವರು ಎಲ್ಲಿಗೆ ಬೇಕಾದರೂ ಹೋಗುತ್ತಾರೆ. ಆಸ್ತಮಾ ಯಾವುದರಿಂದ ಅಂತ ಅವರಿಗೆ ತಾಳ್ಮೆಯಿಂದ ಯಾರೂ ಹೇಳಿರುವುದಿಲ್ಲ.

2019ರಿಂದ ಆಸ್ತಮಾದ ಅಂತರರಾಷ್ಟ್ರೀಯ ಮಾರ್ಗಸೂಚಿ ಒಂದು ಮಾತನ್ನು ಖಡಾಖಂಡಿತವಾಗಿ ಹೇಳುತ್ತಿದೆ. ದೊಡ್ಡವರಿಗೆ, ಹದಿಹರೆಯದವರಿಗೆ ನೀಲಿ ಇನ್‌ಹೇಲರ್ ಒಂದನ್ನೇ ಕೊಡಬೇಡಿ, ಸ್ಟೀರಾಯ್ಡ್ ಜೊತೆಗಿರಲೇಬೇಕು. ವರ್ಷಕ್ಕೆ 200 ಪಫ್‌ನ ಮೂರು ನೀಲಿ ಡಬ್ಬಿ ಖಾಲಿಯಾದರೆ ಅಟ್ಯಾಕ್‌ನ ಅಪಾಯ ಏರುತ್ತದೆ, ಹನ್ನೆರಡಾದರೆ ಸಾವಿನ ಅಪಾಯವೂ ಏರುತ್ತದೆ. ಬ್ಯೂಡೆಸೊನೈಡ್ ಮತ್ತು ಫಾರ್ಮೊಟೆರಾಲ್ ಬೆರೆತ ಇನ್‌ಹೇಲರ್ ಸ್ನಾಯುವನ್ನೂ ಸಡಿಲಿಸುತ್ತದೆ, ಕೋಶಗಳನ್ನೂ ಹತೋಟಿಗೆ ತರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ಇದೂ ಇದೆ. ನಿಮಗೆ ಯಾವುದು, ಎಷ್ಟು ಅನ್ನುವುದನ್ನು ಡಾಕ್ಟರನ್ನೇ ಕೇಳಿ. ಒಂದು ವಾಕ್ಯ ಪೂರ್ತಿ ಹೇಳಲು ಆಗುತ್ತಿಲ್ಲ, ತುಟಿ ನೀಲಿಯಾಗುತ್ತಿದೆ, ಪಫ್ ಎಳೆದರೂ ಇಳಿಯುತ್ತಿಲ್ಲ ಅಂದರೆ ಮಾತ್ರ ಯಾರನ್ನೂ ಕೇಳುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ದೊಡ್ಡಮ್ಮ ಈಗ ಬೆಳಿಗ್ಗೆ ರಾತ್ರಿ ಎರಡು ಹೊತ್ತೂ ಈ ಬೆರೆತ ಇನ್‌ಹೇಲರ್ ತಗೊಳ್ಳುತ್ತಿದ್ದಾರೆ. ಅದು ಮುಗಿಯುತ್ತಾ ಬಂದಿತ್ತು ಅಂತ ಮೊನ್ನೆ ಅವರೂರಿನ ಮೆಡಿಕಲ್ ಶಾಪಿಗೆ ಹೋಗಿದ್ದೆ. ನೀಲಿ ಕೇಳಿದ ತಕ್ಷಣ ಶೆಲ್ಫಿನಿಂದ ತೆಗೆದು ಕೈಗಿತ್ತರು. ಇನ್ನೊಂದರ ಚೀಟಿ ನೋಡಿ, "ಇದು ಇಲ್ಲಿ ಹೋಗಲ್ಲ ಸಾರ್, ಎರಡು ದಿನ ಬಿಟ್ಟು ಬನ್ನಿ, ತರಿಸಿಡ್ತೀನಿ" ಅಂದರು.